ಭುಜದೊಳಗೆ ಯಾರು

ಹಲಗೆಯ ಮೇಲ್ತುದಿಗೆ ಕೈ ಚಾಚಿ ತಾರೀಖು ಬರೆಯುವಾಗ
ಟಕ್.
ಅಪರೂಪಕ್ಕೆ ಅಂದು ಎರಡನೇ ಕ್ಲಾಸು ಸುಮ್ಮನಿತ್ತು.
"ಮಿಸ್, ನಿಮ್ ಭುಜದೊಳಗೆ ಯಾರಿದಾರೆ?"
ಮೂರನೇ ಸಾಲಿನ ಧನುಷ್, ಮುಂದಿನ ಹಲ್ಲು ಬಿದ್ದ ಬಾಯಿ.
ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ ಕಣೋ, ಅನ್ನಲಿಲ್ಲ.
ಎರಡರ ಮಗ್ಗಿ ಹೇಳಿಸಿದೆ, ಗಟ್ಟಿಯಾಗಿ.

ನಲವತ್ನಾಲ್ಕಕ್ಕೆ ಜಿಮ್ಮು ಸೇರಿದವಳು ನಾನು.
ಹಾಸನದ ಪೆನ್ಷನ್ ಮೊಹಲ್ಲಾ, ಟೈರ್ ಅಂಗಡಿಯ ಮಹಡಿ,
ಸಂಜೆ ಐದರಿಂದ ಆರು ಹೆಂಗಸರ ಹೊತ್ತು.
ಕೆಳಗೆ ಪಂಕ್ಚರಾದ ಟ್ಯೂಬು ನೀರಲ್ಲಿ ಗುಳುಗುಳು,
ಮೇಲೆ ನಮ್ಮ ಏದುಸಿರು.
ವೇಲು ಸೊಂಟಕ್ಕೆ ಬಿಗಿದು
ಖಾಲಿ ಸರಳು ತಲೆಯ ಮೇಲೆತ್ತಿದ ಮೊದಲ ದಿನವೇ
ಟಕ್. ಇಳಿಸಿದೆ. ಟಕ್.
ನಮ್ಮನೆ ಬೀಗದಲ್ಲಿ ಇನ್ಯಾರದೋ ಕೀಲಿ ತಿರುಗಿದ ಹಾಗೆ.

ಇಲಿಯಾಸ್ ಸರ್ ಬೆಳಿಗ್ಗೆ ಎಪಿಎಂಸಿಯಲ್ಲಿ ಆಲೂಗಡ್ಡೆ ಮೂಟೆ ಇಳಿಸುವವರು,
ಕತ್ತಿನ ಹಿಂದೆ ಗೋಣಿ ತಿಕ್ಕಿ ತಿಕ್ಕಿ ಬಂದ ಹೊಳಪು.
ತಮ್ಮ ಭುಜವನ್ನೇ ಗಾಣದಂತೆ ತಿರುಗಿಸಿ ಕೇಳಿಸಿದರು,
ಹುರಿಗಡಲೆ ಜಗಿದ ಸದ್ದು.
"ನೋವೈತಾ ಟೀಚರ್?"
ಇಲ್ಲ.
"ಊತ? ಕೈ ಅರ್ಧಕ್ಕೆ ಸಿಕ್ಕೊಳ್ಳೋದು? ರಾತ್ರಿ ಆ ಮಗ್ಗುಲಿಗೆ ನಿದ್ದೆ ಕೆಡೋದು?"
ಇಲ್ಲ. ಇಲ್ಲ. ಇಲ್ಲ.
"ಹಂಗಾರೆ ಅದು ಬಾಗಿಲ ಸದ್ದು. ಕಳ್ಳ ಅಲ್ಲ."

ಕಳ್ಳ ಬಂದ ದಿನ ಸದ್ದೇ ಇರಲಿಲ್ಲ.
ನರ್ಸ್ ಫಿಲೋಮಿನಾ ಇಪ್ಪತ್ತು ಎತ್ತಿದಳೆಂದು
ನಾನು ಇಪ್ಪತ್ತೈದಕ್ಕೆ ಕೈ ಹಾಕಿದೆ.
ಮೈ ಕಾಯಿಸದೆ, ಮೊಣಕೈ ಕೋಳಿರೆಕ್ಕೆಯಂತೆ ಅಗಲಿಸಿ.
ಭುಜದ ಮುಂದೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ
ಬಿಸಿ. ಅಷ್ಟೇ.
ಆ ರಾತ್ರಿ ಜಡೆ ಹೆಣೆಯಲು ಕೈ ಹಿಂದೆ ಹೋಗಲಿಲ್ಲ.
ಇವರು ಹೆಣೆದರು, ಹಗ್ಗ ಹೊಸೆದ ಹಾಗೆ.
ಅದೇ ಜಡೆಯಲ್ಲಿ ಶಾಲೆಗೆ ಹೋದೆ.

ಡಾಕ್ಟರು ಆರು ವಾರ ಅಂದರು. ಇಲಿಯಾಸ್ ಸರ್ ಬೈಯಲಿಲ್ಲ,
ಕೆಳಗಿನ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬು ತಂದು ಕಿಟಕಿಗೆ ಕಟ್ಟಿದರು.
ಮೊಣಕೈ ಪಕ್ಕೆಗೆ ಅಂಟಿಸಿ ಹೊರಕ್ಕೆ ಎಳಿ,
ಬಿಡುವಾಗ ಇನ್ನೂ ನಿಧಾನ,
ತೊಟ್ಟಿಲು ಬಿಡುವವಳ ಹಾಗೆ.
"ಒಂದ್ಸಲ ದೂಡಿದ್ರೆ ಎರಡ್ಸಲ ಎಳೀರಿ ಟೀಚರ್.
ಬರೀ ಎದೆ ಬೆಳೆಸಿದ್ರೆ ಭುಜ ಮುಂದಕ್ಕೆ ಬಾಗ್ತದೆ,
ಸಾಲ ಕೇಳಕ್ ಬಂದೋರ ಥರ."
ಮತ್ತೆ ಭಾರ?
"ಉಪ್ಪು ಹಾಕ್ದಂಗೆ ಹಾಕಿ. ಕಮ್ಮಿಯಾದ್ರೆ ಸೇರಿಸ್ಬೋದು."

ನೋವು ಹೋಯಿತು. ಟಕ್ ಹೋಗಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಬಿಸಿಯೂಟದ ಅಕ್ಕಿಮೂಟೆಯನ್ನು
ಆಟೋದವನು ಗೇಟಲ್ಲೇ ಒಗೆದು ಹೋದ.
ಚೀಲದ ಮೇಲೆ ಅಚ್ಚು: ಇಪ್ಪತ್ತೈದು ಕೆಜಿ.
ಕೂತೆ. ಎದೆಗೆ ತಬ್ಬಿದೆ. ಉಸಿರು ಹಿಡಿದು ಎದ್ದೆ.
ಟಕ್.
ಅಡುಗೆಕೋಣೆಗೆ ಮೂವತ್ತೊಂದು ಹೆಜ್ಜೆ, ಎಣಿಸಿದ್ದೇನೆ.
ಸಣ್ಣತಾಯಮ್ಮ ಒಲೆಯ ಮುಂದಿಂದ ಎದ್ದು ಬಂದು
ನನ್ನ ಮುಖಕ್ಕೆ ಎರಡೂ ಕೈ ನೀವಾಳಿಸಿ
ತನ್ನ ಕಣತಲೆಗೆ ಒತ್ತಿಕೊಂಡು ನೆಟಿಗೆ ಮುರಿದಳು,
ಪಟಪಟಪಟ, ಹತ್ತೂ ಬೆರಳು.
"ಏಸು ಜನದ ಕಣ್ಣು ಬಿದ್ದೈತೆ ನನ್ನವ್ವ, ನೋಡು!"
ಮುದ್ದೆ ತಿರುವಿ ತಿರುವಿ ಗಂಟಾದ ಬೆರಳು.
ನೋಯಲ್ವಾ, ಅಂದೆ.
ಕೇಳಬಾರದ್ದು ಕೇಳಿದವಳಂತೆ ನನ್ನನ್ನು ನೋಡಿ
ಅಕ್ಕಿ ತೊಳೆಯಲು ಹೋದಳು.

ಇವತ್ತು ಹಲಗೆಯ ಮೇಲ್ತುದಿಗೆ ಮತ್ತೆ ತಾರೀಖು.
ಟಕ್.
ಹಿಂದಿನಿಂದ ಯಾರದೋ ನಾಲಿಗೆ ಉತ್ತರ ಕೊಟ್ಟಿತು: ಟಕ್.
ಆಮೇಲೆ ಕಿಸಕ್ಕನೆ ನಗು, ಹಲ್ಲಿಲ್ಲದ್ದು.
ತಿರುಗಲಿಲ್ಲ.
ಹತ್ತನೇ ತಾರೀಖು. ಒಂದು ಬರೆದು,
ಸೊನ್ನೆಯನ್ನು ಬೇಕಂತಲೇ ದೊಡ್ಡದಾಗಿ ಸುತ್ತಿದೆ,
ಭುಜ ಪೂರ್ತಿ ಒಂದು ಸುತ್ತು ಬರುವಷ್ಟು.