ಇಳಿ

ಹ್ಯಾಲಿಫ್ಯಾಕ್ಸಿನ ಜಾರು ಬೀದಿಯಲ್ಲಿ
ಕೀಲಿಕೈ ಕೊರೆಯುವ ಅಂಗಡಿಯ ಮೇಲೆ
ಇಪ್ಪತ್ತಮೂರು ಮೆಟ್ಟಿಲು.
ಹತ್ತಿದರೆ ಒಂದು ಬಾಗಿಲು. ಹೆಸರಿನ ಹಲಗೆ ಇಲ್ಲ,
ಬಂದವರ ಗುರುತು ಬೀದಿಗೆ ಸಿಗದಿರಲೆಂದು.

ಮಂಚ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ.
ಎರಡು ಕುರ್ಚಿ, ಎದುರುಬದುರಲ್ಲ, ಚೂರು ಓರೆ;
ಬೇಡವೆನಿಸಿದರೆ ಕಿಟಕಿ ನೋಡಬಹುದು.
ಗಡಿಯಾರ ನನ್ನ ಬೆನ್ನ ಹಿಂದೆ, ಅವರಿಗೆ ಕಾಣುವ ಹಾಗೆ.
ಟಿಶ್ಯೂ ಡಬ್ಬಿ ನನ್ನ ಕೈಗೆಟಕುವಲ್ಲಿ.
ನಾನೇನು ಅಳುವವನಾ ಎಂದು
ಮೇಜಿನ ಆ ತುದಿಗೆ ಸರಿಸಿದೆ.

ಜಾನೆಟ್ ಓರ್ಮರಾಡ್. ಅರವತ್ತರ ಆಸುಪಾಸು.
ಮಂಡಿ ನೋವಿರಬೇಕು, ಕುರ್ಚಿಯ ತೋಳು ಹಿಡಿದೇ ಕೂರುತ್ತಾರೆ.
ಮೊದಲೇ ಹೇಳಿದರು: ಐವತ್ತು ನಿಮಿಷ, ಐವತ್ತೈದು ಪೌಂಡು.
ಹಿಂದಿನ ದಿನ ತಿಳಿಸದೆ ತಪ್ಪಿಸಿಕೊಂಡರೂ ಕೊಡಬೇಕು.
ಇಲ್ಲಿ ಆಡಿದ್ದು ಇಲ್ಲೇ;
ಯಾರದಾದರೂ ಜೀವಕ್ಕೆ ಕುತ್ತು ಅನಿಸಿದರೆ ಮಾತ್ರ
ಹೊರಗೆ ಹೇಳಬೇಕಾದೀತು.
ತಲೆಯಾಡಿಸಿದೆ. ನನ್ನ ಪಾಠಕ್ಕೆ ಗಂಟೆಗೆ ಮೂವತ್ತೆಂಟು.
ಒಂದೂವರೆ ಪಾಠ ಮಾರಿ
ಒಬ್ಬರ ಮೌನ ಕೊಳ್ಳುತ್ತಿದ್ದೇನೆ.

ಯಾಕೆಂದರೆ ಅವರು ಏನೂ ಹೇಳಿಕೊಡುವುದಿಲ್ಲ.
ಹೀಗೆ ಮಾಡಿ, ಹಾಗೆ ಮಾಡಬೇಡಿ? ಊಹೂಂ.
ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಕಲಿಸುವವನು ನಾನು.
ನನ್ನ ಕಡೆಗೂ ಒಂದು ಬ್ರೇಕ್ ಇದೆ,
ಹುಡುಗರು ತಪ್ಪಿದರೆ ಕಾಲು ತಾನಾಗಿ ಒತ್ತುತ್ತದೆ.
ಇವರ ಕಾಲ ಕೆಳಗೆ ಬರೀ ಜಮಖಾನ.
ಎಲ್ಲಿಗೆ ನುಗ್ಗಿದರೂ ಪಕ್ಕದಲ್ಲಿ ಕೂತಿರುತ್ತಾರೆ.

ನಾಲ್ಕು ವಾರ ರೌಂಡಬೌಟುಗಳ ಬಗ್ಗೆ ಮಾತಾಡಿದೆ.
ಮಂಜು ಕವಿದ ಬೀಕನ್ ಗುಡ್ಡದ ರಸ್ತೆ,
ಮೂರು ಸಲ ಫೇಲಾಗಿ ನಾಲ್ಕನೆಯದಕ್ಕೆ ಗೆದ್ದ
ಶಾಲೆಯ ಅಡುಗೆಯಾಕೆ. ಅವರು ನಕ್ಕರು, ನಾನೂ.
ಇನ್ನೂರ ಇಪ್ಪತ್ತು ಪೌಂಡಿನ ಹರಟೆ.
ಕೆಳಗೆ ಯಂತ್ರ ಕಿರ್ರೆಂದಾಗ ಇಬ್ಬರೂ ತಡೆದು
ಅದು ನಿಂತ ಮೇಲೆ ಮುಂದುವರಿಯುತ್ತಿದ್ದೆವು.

ಐದನೆಯ ವಾರ ಅದು ನಿಂತಿತು.
ನಾನು ಮುಂದುವರಿಯಲಿಲ್ಲ.
ಪಾರಿವಾಳವೊಂದು ಕಿಟಕಿಯ ಅಂಚಿಗೆ ಬಂದು ಕೂತು
ಹಾರಿಯೂ ಹೋಯಿತು. ಅವರು ಕೆಮ್ಮಲೂ ಇಲ್ಲ.
ಮಗಳಿಗೂ ಕಲಿಸಿದ್ದೆ, ಅಂದೆ.
ಮೇದಿನಿ. ಆಗ ಹದಿನೇಳು.
ಸಿಗ್ನಲಿನಲ್ಲಿ ಎರಡು ಸಲ ಗಾಡಿ ಆಫ್ ಆಯಿತು, ಹಿಂದೆ ಹಾರ್ನು.
ಊರ ಮಕ್ಕಳಿಗೆಲ್ಲ ಹಂಚಿದ ತಾಳ್ಮೆ
ಮನೆಯದಕ್ಕೆ ಸಾಲಲಿಲ್ಲ.

ಏನಂದಿರಿ?
ಇಂಗ್ಲಿಷಿನಲ್ಲಿ ಹೇಳಿದೆ. ಬೇರೆ ಯಾರೋ ಅಂದ ಹಾಗೆ ಕೇಳಿಸಿತು.
ನೀವು ಅಂದ ಭಾಷೆಯಲ್ಲೇ?

ಇಳಿ.

ಕೋಣೆ ಇಷ್ಟು ಚಿಕ್ಕದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.
ಇಳಿದಳು. ಮಳೆಯಲ್ಲಿ ನಡೆದೇ ಹೋದಳು.
ಮೂರು ವರ್ಷವಾಯಿತು, ಲೀಡ್ಸಿನಲ್ಲಿದ್ದಾಳೆ.
ಹಬ್ಬಕ್ಕೆ ಬಂದರೂ ಬಸ್ಸಿನಲ್ಲಿ.
ನನ್ನ ಕಾರು ಹತ್ತುವುದಿಲ್ಲ.

ಅವರು ಅಂದು ನೋಡಿದರು: ಇಲಿ.
ಅಲ್ಲ ಮೇಡಂ, ಅದಕ್ಕೆ ಬಾಲ ಇರುತ್ತದೆ.
ಮತ್ತೆ ಇದಕ್ಕೆ?
ಇದಕ್ಕೆ... ಜ್ವರ ಇಳಿಯುತ್ತದೆ. ಊತ ಇಳಿಯುತ್ತದೆ.
ಏರಿದ ಸಿಟ್ಟು ಇಳಿಯುತ್ತದೆ, ತಡವಾಗಿ.
ಹೊತ್ತದ್ದನ್ನು ಇಳಿಸುತ್ತೇವೆ, ಹೊತ್ತೂ ಇಳಿಯುತ್ತದೆ.
ನಮ್ಮವ್ವ ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು
ಮೂರು ಸುತ್ತು ದೃಷ್ಟಿ ಇಳಿಸಿ ಒಲೆಗೆ ಹಾಕುತ್ತಿದ್ದಳು,
ಹೀಗೆ—

ಹೇಳುತ್ತ ಹೇಳುತ್ತ ಕೈ ಗಾಳಿಯಲ್ಲಿ ಸುತ್ತಿತು
ಅಲ್ಲಿಲ್ಲದ ಒಂದು ತಲೆಯ ಸುತ್ತ.

ಡಬ್ಬಿ ದೂರವಿತ್ತು. ನಾನೇ ಸರಿಸಿದ್ದಲ್ಲವೇ.
ಅವರು ಎದ್ದು ಕೊಡಲಿಲ್ಲ.
ನೋವಿನ ಕಾಲು ಚಾಚಿ
ಮೇಜನ್ನು ಒಂದು ಗೇಣು ನನ್ನತ್ತ ನೂಕಿದರು.

ಸಮಯ ಮುಗಿಯಿತು ಅಂದಾಗ
ನಾನಿನ್ನೂ ಮೂಗು ಒರೆಸುತ್ತಿದ್ದೆ.
ಮುಂದಿನ ಮಂಗಳವಾರ, ಎರಡೂವರೆಗೆ.
ಕೊಟ್ರೇಶ್ ಅನ್ನಲು ಹೋಗಿ ಮತ್ತೆ ಎಡವಿದರು.

ಮಗಳು ಫೋನ್ ಮಾಡಿದಳಾ ಎಂದು ಕೇಳಬೇಡಿ.
ಮೆಟ್ಟಿಲ ಮೇಲೆ ತಡೆದು ನಿಂತೆ,
ಹತ್ತುವಾಗ ಎಣಿಸಿದವನು
ಎಷ್ಟಕ್ಕೆ ಬಂದೆನೆಂದು ತಿಳಿಯದೆ.
ಕೆಳಗೆ ಯಾರದೋ ಮನೆಯ ಬೀಗಕ್ಕೆ
ಎರಡನೆಯ ಕೀಲಿಕೈ ಕೊರೆಯುತ್ತಿದ್ದರು.