ಓಡಿನ ಚೂರು

ಮುಳ್ಳೇರಿಯದ ಮೆಡಿಕಲ್ಲಿನಲ್ಲಿ ದ್ರವ ಪ್ಯಾರಾಫಿನ್ ಕೇಳಿದರೆ
"ಹೊಟ್ಟೆ ಕಟ್ಟಿದೆಯಾ?" ಎನ್ನುತ್ತಾನೆ ಹುಡುಗ.
ಅಲ್ಲ ಮಾರಾಯ, ಹತ್ತನೇ ಕ್ಲಾಸಿಗೆ.
ಬಿಲ್ಲು ಶಾಲೆಯ ಹೆಸರಿಗೆ.

ಓಡಿನ ಚೂರು ಮಾತ್ರ ನನ್ನದೇ:
ಅತ್ತಿಗೆ ಕೈಜಾರಿಸಿದ ಮೀನಿನ ಅಳಗೆ.
ಮೂರು ಸಲ ತೊಳೆದರೂ
ಕಾಸಿದಾಗ ಸಣ್ಣಗೆ ಹುಳಿ ವಾಸನೆ.

ಷಿಜಿನಾ ಟೀಚರ್ ಬಂದದ್ದು ಜೂನಿನಲ್ಲಿ, ಕೊಲ್ಲಂ ಕಡೆಯಿಂದ.
ಕನ್ನಡದ ಕ್ಲಾಸು, ಕನ್ನಡ ಬಾರದ ಟೀಚರು.
ಕೆಟ್ಟವರಲ್ಲ. ಮೊದಲ ವಾರ
ಆಸಿಡ್ ಕಪಾಟಿನ ಮರೆಯಲ್ಲಿ ಅತ್ತದ್ದು ನಾನು ಕಂಡಿದ್ದೇನೆ.

"ಉಳ್ಪ್ರೇರಕಂ" ಎಂದರು.
"ಕ್ರಿಯಾವರ್ಧಕ" ಎಂದಳು ಎರಡನೇ ಬೆಂಚಿನ ಮಿಸ್ರಿಯಾ.
"ಅದೆಂತದು?" ಹಿಂದಿನಿಂದ ಯತೀಂದ್ರ.
"ಓಡಿನ ಚೂರು, ಕಾಣುವುದಿಲ್ವಾ?"

ಎಣ್ಣೆ ಕುಡಿದ ಗಾಜಿನ ಉಣ್ಣೆ ನಳಿಗೆಯ ತಳದಲ್ಲಿ,
ನಡುವೆ ಚೂರು, ಚೂರಿನ ಕೆಳಗೆ ಬರ್ನರ್.
ಹದಿನಾರು ಹದಿನೆಂಟು ಇಂಗಾಲ
ಕೈ ಕೈ ಹಿಡಿದು ಸಾಲಾಗಿ ನಿಂತದ್ದು
ಕಾದ ಮಣ್ಣಿಗೆ ಕಾಲಿಟ್ಟ ಕೂಡಲೆ ತುಂಡು.
ಜಲಜನಕ ಇದ್ದಷ್ಟೇ; ಪಾಲು ಸಾಲದ ಎರಡು
ಒಂದನ್ನೊಂದು ಎರಡೂ ಕೈಯಲ್ಲಿ ಅವುಚಿಕೊಂಡು
ಗುಳ್ಳೆಯಾಗಿ ಏಳುತ್ತವೆ ನೀರಲ್ಲಿ.
ಸುಲೈಮಾನಿ ಬಣ್ಣದ ಬ್ರೋಮಿನ್ ನೀರಿಗೆ
ಆ ಗಾಳಿ ಬಿಟ್ಟು ಕುಲುಕಿದರೆ
ಬಣ್ಣವೆಲ್ಲಿ ಹೋಯಿತೆಂದು ಗಾಜೇ ಹೇಳಬೇಕು.

ಆಯಿತಲ್ಲ ಎಂದು ಯತೀಂದ್ರ ಬರ್ನರ್ ಎಳೆದುಬಿಟ್ಟ.
ಟೀಚರ್ ಕೂಗಿದ್ದು ಗಡಿಬಿಡಿಯಲ್ಲಿ ಯಾರಿಗೂ ಹತ್ತಲಿಲ್ಲ.
ತಣ್ಣೀರು ಪೈಪಿನೊಳಗೆ ಹಿಂದಕ್ಕೆ ಏರುತ್ತಿತ್ತು,
ಬಿಸಿ ಗಾಜಿಗೆ ಇನ್ನು ನಾಲ್ಕು ಬೆರಳು, ಮೂರು,
"ಸುರುಟು ಪೈಪು ದೆಪ್ಪುಲೆ!"

ಟೀಚರ ಮಾತಲ್ಲ, ಪುಸ್ತಕದ ಮಾತೂ ಅಲ್ಲ,
ಮಿಸ್ರಿಯಾಳ ಬಾಯಿಂದ ತುಳು.
ಗಾಜು ಉಳಿಯಿತು.

ಕ್ರಿಯಾವರ್ಧಕ ತಾನು ಬದಲಾಗುವುದಿಲ್ಲ,
ಹಾಗಂತ ಪುಸ್ತಕ.
ಸಂಜೆ ನಳಿಗೆ ತೊಳೆಯುವವನು ನಾನು.
ಚೂರುಗಳ ಮೈತುಂಬ ಮಸಿ.

ಬೆಂಚಿನ ಮೇಲೆ ಮರೆತುಹೋದ ಮಿಸ್ರಿಯಾಳ ನೋಟ್ಸು ತೆರೆದೆ.
ತಾರೀಕು. ಶೀರ್ಷಿಕೆ. ಅಡಿಗೆರೆ.
ಜೂನಿನಿಂದ ಹಾಗೇ, ಪುಟದ ಮೇಲೆ ಪುಟ ಬಿಳಿ.
ಹೇಳುವವಳಿಗೆ ಬರೆಯಲು ಹೊತ್ತೆಲ್ಲಿ?

ಇಕ್ಕುಳದಲ್ಲಿ ಒಂದೊಂದೇ ಚೂರು ಹಿಡಿದು ಬೆಂಕಿಗೆ ಕೊಟ್ಟೆ.
ಕೆಂಪಗಾಗಿ, ಮಸಿ ಉರಿದು,
ಮಣ್ಣಿಗೆ ಮತ್ತೆ ಮಣ್ಣಿನ ಬಣ್ಣ.
ಒಂದು ಮಾತ್ರ ಕಪ್ಪಾಗಿಯೇ ಉಳಿಯಿತು.
ಎಸೆಯಲಿಲ್ಲ.

ಯತೀಂದ್ರನ ನೋಟ್ಸು ಚಂದ ಇದೆಯಂತೆ.
ನಾಳೆ ಅವನನ್ನು ಹಿಡಿಯಬೇಕು,
ಒಡೆಯದೆ ಉಳಿದ ನಳಿಗೆಯ ಲೆಕ್ಕ ಹೇಳಿ
ಎರಡು ದಿನ ಅದನ್ನು ಇಸಿದುಕೊಡಬೇಕು ಅವಳಿಗೆ.