ಎರಡಿಂಚು

ಕಲಬುರಗಿ, ಹುಮನಾಬಾದ್ ಬೇಸಿನಾಚಿ ತಗಡಿನ ಗ್ಯಾರೇಜು.
ಮಸ್ತಾನಸಾಬ ಗಾಡಿ ಎತ್ತಿ ಜಾಕಿನ ಮ್ಯಾಲಿಟ್ಟ,
ಬೆರಳಿಗಿ ಹತ್ತಿದ್ದು ಮೂಸಿ ನೋಡಿದ:
'ಶಾಕ್ ಸೋರ್ತಾವ. ಎಣ್ಣಿ ಎಲ್ಲಾ ರಸ್ತಾನೇ ಕುಡದಾದ.'

ಹೊಸಾವು ಹಾಕು, ಎರಡಿಂಚು ಇಳಿಸು, ಅಂದೆ.
ಅವ ನನ್ನ ಮಾರಿ ನೋಡಿದ, ಆಮ್ಯಾಲ ರಸ್ತಾ.
ಎರಿ ಮಣ್ಣಿನ ಮ್ಯಾಲಿನ ಡಾಂಬರು
ಬ್ಯಾಸಗ್ಯಾಗ ಬಿರೀತದ, ಮಳ್ಯಾಗ ಉಬ್ಬತದ.
'ನೆಲಾನೇ ಮ್ಯಾಲ ಬರ್ಲಾಕತ್ತದ ಸೌಕಾರ,
ನೀವ್ಯಾಕ ಇಳೀತೀರಿ?'

ನಾ ಕೇಳಲಿಲ್ಲ.

ಸಂಜೀಕ ಆಳಂದ ರಸ್ತಾದ ತಿರುವಿನಾಗ
ಗಾಡಿ ವಾಲಲಿಲ್ಲ, ಹೊಯ್ದಾಡಲಿಲ್ಲ.
ನೆಲಾ ಕಚ್ಚಿ ಹಿಡದು
ಮಾತು ಕೇಳೂ ಹೋರಿಯಂಗ ತಿರುಗಿತು.
ಗಾಲಿ ಮ್ಯಾಲ ಎರಡು ಬೆರಳಷ್ಟೇ ಸಂದು.
ಪಾನ್ ಡಬ್ಬಿ ಮುಂದಿನ ಹುಡುಗರು
ಕೈಯಾಗಿನ ಚಾ ಮರತು ಎದ್ದು ನಿಂತರು.
ಅಷ್ಟು ಸಾಕಿತ್ತು ನನಗ.

ಮನಿ ಮುಂದ ಬಂದೆ.
ಗೇಟಿನ ಶಹಾಬಾದ್ ಫರಸಿ, ನಾನೇ ನಿಂತು ಹಾಕ್ಸಿದ್ದು,
ಹೊಟ್ಟಿ ಕೆಳಗ ಕರ್ರ್ ಅಂತು.
ಓರೆ ಬಂದೆ. ಹಿಂದ ಹೋಗಿ ಬಂದೆ.
ಮಕ್ಕಳನ್ನ ಇಳಿಸಿ ಹಗುರಾಗಿ ಬಂದೆ.
ಭಾಗ್ಯವಂತಿ ಬಾಗಿಲದಾಗ ನಿಂತು ಕೇಳಿದಳು:
'ನೀವರೆ ಒಳಗ ಬರ್ತೀರೇನು?'

ಗಾಡಿ ಈಗ ಬೇವಿನ ಗಿಡದ ಕೆಳಗ, ಹೊರಗ.
ಹಳೇ ಸ್ಪ್ರಿಂಗು ಗುಜರಿಗಿ ಹಾಕಾಕ ಇಟ್ಟಿದ್ದೆ.
ಒಂದನ್ನ ಆಕಿ ತಿಕ್ಕಿ ತೊಳದು
ಪಡಸಾಲ್ಯಾಗ ಹರವಿ ಕುಂದ್ರಸ್ಯಾಳ ಅದರ ಮ್ಯಾಲ.

ತುಂಬಿದಾಗ ಅರ್ಧ ಬೆರಳು ಕುಗ್ಗತದ.
ಖಾಲಿ ಆದಂಗ ಆದಂಗ ಏಳ್ತದ.
ಆಕಿ ಹರವ್ಯಾಗ ಇಣುಕೋದೇ ಬಿಟ್ಟಾಳ,
ದೂರಿಂದನೇ ಅಂತಾಳ:
'ಎದ್ದದ ನೋಡ್ರಿ, ನೀರು ತರ್ರಿ.'